ಟೊಮೇಟೊ ಬೀಜವನ್ನು ಬೇಗ ಮೊಳೆಯಿಸುವ ಕ್ರಮ

ಧನುರ್ಮಾಸದ ಚಳಿಯಲ್ಲಿ ಒಟ್ಟಲು ಹಾಕಿದ ಟೊಮೇಟೊ ಬೀಜವು ಹತ್ತು ದಿನವಾದರೂ ತಲೆದೋರದಿದ್ದರೆ, ಬೀಜ ಕೆಟ್ಟಿತೆಂದು ಪಾತಿಯನ್ನು ಅಗೆದು ಪುನಃ ಬಿತ್ತುವ ರೈತರುಂಟು. ಅನೇಕ ವೇಳೆ ಕೆಟ್ಟಿರುವುದು ಬೀಜವಲ್ಲ. ಮಣ್ಣಿನ ಶೈತ್ಯವೇ ತಡಕ್ಕೆ ಕಾರಣವು. ಇದನ್ನರಿಯದೆ ಎರಡು ಸಲ ಬೀಜದ ಹಣ ತೆತ್ತು, ನೆರೆಯವರ ಹಣ್ಣು ಸಂತೆಗೆ ಬಂದು ಧಾರಣೆ ಇಳಿದ ಮೇಲೆ ಫಸಲು ಕೊಯ್ಯುವಂತಾಗುವುದು.

ಮಣ್ಣಿನ ಉಷ್ಣವು 25ರಿಂದ 30 ಡಿಗ್ರಿ ಸೆಂಟಿಗ್ರೇಡ್ ಇದ್ದಲ್ಲಿ ಸುಮಾರು 6 ದಿನಗಳಲ್ಲಿ ಸಸಿ ಮೇಲೇಳುತ್ತದೆ. 20 ಡಿಗ್ರಿಯಲ್ಲಿ 8 ದಿನ, 15ರಲ್ಲಿ ಎರಡು ವಾರ, 10ರಲ್ಲಿ 40 ದಿನಕ್ಕೂ ಮೇಲ್ಪಟ್ಟು ಹಿಡಿಯುವುದು. 40 ಡಿಗ್ರಿಯಲ್ಲಾದರೋ ಬೀಜವು ಮೊಳೆಯುವುದೇ ಇಲ್ಲ. ಒಲೆಗೆ ತಗುಲಿಸಿ ಇಡುವ ಅತ್ಯುತ್ಸಾಹವೂ ಸಲ್ಲದು.

ಹಣ್ಣಿನೊಳಗೆ ಅಷ್ಟು ತೇವವಿದ್ದರೂ ಬೀಜವು ಸಾಮಾನ್ಯವಾಗಿ ಅಲ್ಲಿಯೇ ಮೊಳೆಯದಿರುವುದನ್ನು ಎಲ್ಲರೂ ಕಂಡಿದ್ದಾರೆ. ಸುತ್ತಲಿನ ಲೋಳೆಯೂ ರಸವೂ ಅದನ್ನು ತಡೆಯುತ್ತವೆ. ಮನೆಯಲ್ಲಿ ಬೀಜ ತೆಗೆಯುವವರು ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ನೀರು ಬೆರೆಸದೆ ಮಡಕೆಯಲ್ಲಿ ಒಂದೆರಡು ದಿನ ಹುಳಿಯಬಿಟ್ಟು, ತೊಳೆದು, ತಳಕ್ಕಿಳಿದ ಬೀಜವನ್ನು ಮಾತ್ರ ನೆರಳಿನಲ್ಲಿ ಒಣಗಿಸತಕ್ಕದ್ದು. ಹೆಚ್ಚು ದಿನ ಬಿಟ್ಟರೆ ಮಡಕೆಯಲ್ಲೇ ಮೊಳೆತೀತು. ಅರ್ಕಾ ವಿಕಾಸದಂತಹ ತಳಿಗೆ ಈ ಕ್ರಮವು ಒಪ್ಪುವುದು. ಅರ್ಕಾ ರಕ್ಷಕದಂತಹ ಸಂಕರ ತಳಿಯ ಹಣ್ಣಿನಿಂದ ತೆಗೆದ ಬೀಜವು ತಾಯಿಯ ಗುಣವನ್ನು ಸರಿಯಾಗಿ ಕೊಡದು.

ಬಿತ್ತುವ ಮುಂಚೆ ಬೀಜವನ್ನು ಉಗುರುಬೆಚ್ಚನೆಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿಡಬೇಕು. ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸುವುದು ಅವಶ್ಯ. ಬಿಳಿಯ ಮೊಳಕೆಯ ತುದಿ ಕಂಡ ದಿನವೇ ಬಿತ್ತಬೇಕು. ಬೇರು ಉದ್ದವಾದರೆ ಮುರಿಯುವುದು. ಬಣ್ಣದ ಔಷಧ ಲೇಪಿಸಿ ಮಾರುವ ಬೀಜವನ್ನು ನೆನೆಸಕೂಡದು.

ಪಾತಿಯು ನೆಲದಿಂದ ಅರ್ಧ ಅಡಿ ಎತ್ತರವಿದ್ದು, ಚೆನ್ನಾಗಿ ಕಳಿತ ಗೊಬ್ಬರವೂ ಮರಳೂ ಬೆರೆತಿರಲಿ. ಕಾಲು ಅಂಗುಲದ ಆಳಕ್ಕೆ ಬೀಜವಿಟ್ಟು, ಹುಲ್ಲು ಹೊದಿಸಿ, ಸಸಿ ಕಾಣುತ್ತಲೇ ಹುಲ್ಲನ್ನು ತೆಗೆಯತಕ್ಕದ್ದು. ಬೇಗ ಏಳಲೆಂದು ನೀರನ್ನು ಸುರಿಯುವವರು ಎದ್ದ ಸಸಿಗಳನ್ನೇ ಬುಡಕೊಳೆಗೆ ಕಳೆದುಕೊಳ್ಳುತ್ತಾರೆ. ಇರುವೆಗಳು ಬೀಜವನ್ನು ಹೊತ್ತೊಯ್ಯುವುದೂ ಉಂಟು.

ಸತ್ತ ಬೀಜವನ್ನು ಯಾವ ನೆನೆಸುವಿಕೆಯೂ ಬದುಕಿಸದು. ಹಳೆಯ ದಾಸ್ತಾನಿನಿಂದ 100 ಬೀಜವನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಬೆಚ್ಚಗಿಟ್ಟು ಎರಡು ವಾರ ನೋಡುವುದು. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಪ್ರಮಾಣ 100ಕ್ಕೆ 70. ಅದಕ್ಕಿಂತ ತೀರ ಕಡಿಮೆ ಮೊಳೆತರೆ ಪಾತಿ ಸಿದ್ಧಪಡಿಸುವುದಕ್ಕೆ ಮೊದಲೇ ಬೇರೆ ಬೀಜವನ್ನು ತರಿಸತಕ್ಕದ್ದು.