ಪರದೇಶಿಯ ದಿನಚರಿ: ಬಾಸೆಲ್ ತರುಣರು ಮತ್ತು ದೋಆಬಿನ ದಾಸರು

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂಬವರಿಲ್ಲದವನು ಎಂಬುದು ಇನ್ನೊಂದು. ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯ ಆಡುಮಾತಿನಲ್ಲಿ ಎರಡನೆಯ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಜರ್ಮನ್ ಮಿಶನರಿಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಯಾದರೋ ಬಹುಪಾಲು ಮೊದಲನೆಯ ಅರ್ಥಕ್ಕೆ ಅಂಟಿಕೊಂಡಿದೆ. ಅವರು ಹೊರಗಿನವರು, ಹೊರಗಿನವರಾಗಿದ್ದೂ ಕನ್ನಡಕ್ಕೆ ದುಡಿದರು ಎಂಬ ಕೃತಜ್ಞತೆ ಒಂದು ಕಡೆ, ಹೊರಗಿನವರಾದ್ದರಿಂದಲೇ ಅವರ ದುಡಿಮೆಯ ಹಿಂದೆ ಮತಪ್ರಚಾರದ ಹಾಗೂ ವಸಾಹತುಶಾಹಿಯ ಹಿತಾಸಕ್ತಿ ಇತ್ತು ಎಂಬ ಸಂಶಯ ಇನ್ನೊಂದು ಕಡೆ. ಈ ಎರಡೂ ನಿಲುವುಗಳು ಮುಗಿದ ಕೆಲಸವನ್ನು, ಅಂದರೆ ನಿಘಂಟು, ವ್ಯಾಕರಣ, ಪತ್ರಿಕೆಗಳನ್ನು ಮುಂದಿಟ್ಟುಕೊಂಡು ತೀರ್ಮಾನಕ್ಕೆ ಬರುತ್ತವೆ. ಇಪ್ಪತ್ತೊಂದೋ ಇಪ್ಪತ್ತೈದೋ ವಯಸ್ಸಿನ ಒಬ್ಬ ತರುಣ, ಭಾಷೆ ಬಾರದ ಊರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದ, ಅವನ ನಂಬಿಕೆ ಆ ದಿನಚರಿಯಲ್ಲಿ ಏನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ. ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ದೋಆಬಿನ ಹರಿದಾಸರ ಸಂಚಾರ ಜೀವನದ ಬದಿಗಿಟ್ಟು ಪರಿಶೀಲಿಸುತ್ತದೆ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಮೊದಲ ಮೂವರು, ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದು ಅಲ್ಲಿಂದ ಮಂಗಳೂರು ಸೇರಿದರು. ಈ ಸಂಸ್ಥೆಯ ತರಬೇತಿ ಶಾಲೆಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ವಿಶ್ವವಿದ್ಯಾಲಯದ ದೇವಶಾಸ್ತ್ರ ಓದಿಬಂದ ಹೆರ್ಮನ್ ಮೋಗ್ಲಿಂಗ್ ಅಂಥವರು ಅಪವಾದ. ಒಮ್ಮೆ ಸೇರಿದ ಮೇಲೆ ತರುಣನ ಬದುಕು ಸಮಿತಿಯ ಅಧೀನ. ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಸಮಿತಿ; ಮದುವೆಗೂ ಸಮಿತಿಯ ಅನುಮತಿ ಬೇಕು, ಅದೂ ಕೆಲವು ವರ್ಷ ಸೇವೆ ಸಲ್ಲಿಸಿದ ಮೇಲೆ; ಎಷ್ಟೋ ಸಲ ವಧುವನ್ನು ಗೊತ್ತುಮಾಡುತ್ತಿದ್ದುದೂ ಅಲ್ಲಿಂದಲೇ. ಮಿಶನರಿ ತನ್ನ ಕೆಲಸದ ವರದಿಯನ್ನು ನಿಯಮಿತವಾಗಿ ಬಾಸೆಲ್ಲಿಗೆ ಕಳಿಸಬೇಕಿತ್ತು. ಅವನ ದಿನಚರಿಯ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಈ ವರದಿಗಳಿಂದಲೇ.

ಇಲ್ಲಿ ಒಂದು ಎಚ್ಚರ ಅಗತ್ಯ. ಈ ವರದಿಗಳನ್ನು ಓದುತ್ತಿದ್ದವರು ಸಮಿತಿಯ ಹಿರಿಯರು. ಆಯ್ದ ಭಾಗಗಳು ಮಿಶನ್ನಿನ ಪತ್ರಿಕೆಗಳಲ್ಲಿ ಅಚ್ಚಾಗಿ ದಾನಿಗಳ ಮನೆ ಸೇರುತ್ತಿದ್ದವು. ಆದ್ದರಿಂದ ಅವುಗಳಿಗೆ ಒಂದು ರೂಢಿಯ ಚೌಕಟ್ಟಿದೆ: ನಸುಕಿನ ಪ್ರಾರ್ಥನೆ, ಹಳ್ಳಿಯತ್ತ ಪಯಣ, ಸಂತೆಯಲ್ಲಿ ಅಥವಾ ಜಾತ್ರೆಯಲ್ಲಿ ಜನ ಸೇರುವುದು, ಯಾರೋ ಒಬ್ಬ ತರ್ಕ ಎತ್ತುವುದು, ಅದಕ್ಕೆ ಉತ್ತರ, ದಣಿವು, ಮತ್ತೆ ಪ್ರಾರ್ಥನೆ. ಇದನ್ನು ನೇರ ದಾಖಲೆಯೆಂದು ಓದಿದರೆ ನಾವು ಮೋಸಹೋಗುತ್ತೇವೆ. ಬರಿಯ ಪ್ರಚಾರವೆಂದು ತಳ್ಳಿದರೆ ಆ ಎದುರಾಡಿದ ಕನ್ನಡಿಗನ ಮಾತನ್ನೂ ಕಳೆದುಕೊಳ್ಳುತ್ತೇವೆ. ನಮ್ಮ ಶಿವಶರಣರ, ದಾಸರ ಚರಿತ್ರೆಗಳನ್ನು ಓದುವಾಗ ನಾವು ಬಳಸುವ ವಿವೇಕವೇ ಇಲ್ಲಿಗೂ ಸಾಕು. ಅಲ್ಲಿಯೂ ಪವಾಡದ ಹಿಂದೆ ಜೀವನವನ್ನು ಹುಡುಕುತ್ತೇವಷ್ಟೆ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ. 1836ರ ಕೊನೆಗೆ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೈದು. ಬಂದ ಕೆಲವೇ ತಿಂಗಳಿಗೆ, 1837ರ ಏಪ್ರಿಲಿನಲ್ಲಿ, ಕಲ್ಯಾಣಪ್ಪನ ಹೆಸರಿನಲ್ಲಿ ನಡೆದ ಬಂಡಾಯದ ಜನ ಮಂಗಳೂರನ್ನು ಕೆಲಕಾಲ ವಶಪಡಿಸಿಕೊಂಡರು. ಕಂಪನಿ ಸರಕಾರದ ನೆರಳಿನಲ್ಲಿ ನೆಲೆಸಿದ ಪರದೇಶಿಗೆ ಆ ನೆರಳು ಎಷ್ಟು ತೆಳುವೆಂಬುದು ಬಂದೊಡನೆ ಗೊತ್ತಾಗಿರಬೇಕು. ಭಾಷೆಯ ತೊಡಕು ಬೇರೆ ಬಗೆಯದು. ಮಂಗಳೂರಿನ ಬೀದಿಯ ಮಾತು ತುಳು, ಕೊಂಕಣಿ. ಕನ್ನಡ ಕಚೇರಿಯದು, ಮಠದ್ದು, ಯಕ್ಷಗಾನದ್ದು. ಮುನ್ಶಿಯ ಬಳಿ ಗ್ರಂಥದ ಕನ್ನಡ ಕಲಿತವನು ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದಾಗ ಎರಡನೆಯ ಸಲ ಕನ್ನಡ ಕಲಿಯಬೇಕಾಯಿತು. ಮೋಗ್ಲಿಂಗರ ಗದ್ಯದಲ್ಲಿ ಸಂಸ್ಕೃತ ಪದಗಳ ಜೊತೆಗೆ ಗಾದೆ, ಪಡೆನುಡಿಗಳು ಒತ್ತಾಗಿ ಬರುವುದಕ್ಕೆ ಈ ಇಬ್ಬಗೆಯ ಕಲಿಕೆಯೇ ಕಾರಣವೆಂದು ನನ್ನ ಅಭಿಪ್ರಾಯ. 1843ರ 'ಮಂಗಳೂರ ಸಮಾಚಾರ'ದ ವಾಕ್ಯಗಳು ಅಷ್ಟು ಸಲೀಸಾಗಿ ಸಾಗಲು ಈ ಹಿನ್ನೆಲೆಯನ್ನು ನೆನೆಯಬೇಕು.

ಧಾರವಾಡ ಸೀಮೆಯ ಆ ವರ್ಷಗಳಲ್ಲಿ ನಡೆದ ಒಂದು ಸಂಗತಿ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಲಿಂಗಾಯತ ಪಂಗಡವೊಂದು ಮಿಶನರಿಗಳನ್ನು ಹುಡುಕಿಕೊಂಡು ಬಂದಿತು. ಹೊರಗಿನಿಂದ ಬರುವವರಿಂದ ಯುಗದ ಬದಲಾವಣೆಯಾಗುವುದೆಂದು ತಮ್ಮ ಗ್ರಂಥಗಳಲ್ಲಿ ಹೇಳಿದೆ, ಬಂದವರು ನೀವೇ ಇರಬೇಕು ಎಂಬುದು ಅವರ ಎಣಿಕೆ. ತರುಣ ಮಿಶನರಿಗಳು ಉತ್ಸಾಹಗೊಂಡರು. ಬಂದವರಿಗಾಗಿಯೇ 1841ರಲ್ಲಿ ಗದಗಿನ ಬಳಿ ಮಲಸಮುದ್ರದಲ್ಲಿ ಒಂದು ಒಕ್ಕಲು ನೆಲೆ ಎದ್ದಿತು. ನಿರೀಕ್ಷಿಸಿದಂತೆ ಜನ ಬರಲಿಲ್ಲ, ಯೋಜನೆ ಸೋತಿತು. ಮಿಶನ್ ಇತಿಹಾಸಗಳು ಇದನ್ನು ನಿರಾಶೆಯ ಅಧ್ಯಾಯವಾಗಿ ಮುಗಿಸುತ್ತವೆ. ಆದರೆ ಕನ್ನಡದ ಕಡೆಯಿಂದ ನೋಡಿದರೆ ಇಲ್ಲಿ ಪರೀಕ್ಷೆಗೆ ಒಳಗಾದವನು ಮಿಶನರಿ. ಅವನು ತನ್ನ ಗ್ರಂಥವನ್ನು ಓದಿ ಹೇಳಲು ಬಂದಿದ್ದ. ಇವರು ತಮ್ಮ ಗ್ರಂಥದಲ್ಲಿ ಅವನನ್ನೇ ಓದಿ ಮುಗಿಸಿದ್ದರು. ಕಾಲಜ್ಞಾನ ಪರಂಪರೆಯ ಪ್ರಬಲ ನೆಲೆಯಾದ ಕೊಡೇಕಲ್ಲು, ದೇವದುರ್ಗದ ಕಡೆಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸುರಪುರ ಸೀಮೆಯಲ್ಲಿದೆ. ಅಲ್ಲಿನ ವಚನಗಳನ್ನು ಬಾಸೆಲಿನವರ ವರದಿಗಳ ಜೊತೆಗಿಟ್ಟು ಓದುವ ಕೆಲಸವನ್ನು ರಾಯಚೂರು, ಕಲಬುರಗಿಗಳ ಸಂಶೋಧಕರೇ ಮಾಡಬೇಕು.

ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದರು; ವಯಸ್ಸು ಇಪ್ಪತ್ತೊಂದು. ಧಾರವಾಡದ ಸುತ್ತಿನ ಹಳ್ಳಿಗಳನ್ನು ಅವರು ಕಾಲುನಡಿಗೆಯಲ್ಲಿ ಸುತ್ತಿದರು. ಯೆಹೂದ್ಯರ ನಡುವೆ ಯೆಹೂದ್ಯನಂತಿದ್ದೆನೆಂಬ ಪೌಲನ ಮಾತನ್ನು ನೆಚ್ಚಿ, ಕನ್ನಡಿಗರ ನಡುವೆ ಕನ್ನಡಿಗರಂತಿರಲು ಬಯಸಿದರು. ಹಿರಿಯ ಮಿಶನರಿಗಳಿಗೆ ಇದು ಹಿಡಿಸಲಿಲ್ಲ. ಅವರ ದೃಷ್ಟಿಯಲ್ಲಿ ನಡೆದು ದಣಿಯುವುದು ಆರೋಗ್ಯಕ್ಕೂ ಗೌರವಕ್ಕೂ ಕೇಡು. ಕಿಟ್ಟೆಲ್ ತಮ್ಮ ಹಿರಿಯರಿಗಿಂತ ಹೆಚ್ಚು ವಿನಯಶಾಲಿಯಾಗಿದ್ದರೆಂದು ಇದರಿಂದ ಹೇಳಲಾಗದು. ಆದರೆ ಕುದುರೆಯ ಮೇಲಿನಿಂದ ಕೇಳುವ ಕನ್ನಡಕ್ಕೂ ಕಟ್ಟೆಯ ಮೇಲೆ ಕೂತು ಕೇಳುವ ಕನ್ನಡಕ್ಕೂ ಇರುವ ಅಂತರವನ್ನು ಅವರ ಬರವಣಿಗೆ ತೋರಿಸುತ್ತದೆ. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಬಂಧಗಳಲ್ಲಿ ಹೇಳುವ 'ಕಥಾಮಾಲೆ' (1862) ಹೀಗೆ ಕೇಳಿದ ಕಿವಿಯ ಫಲ.

ಇನ್ನು ದೋಆಬಿನ ಕಡೆಗೆ. ಹದಿನೆಂಟನೆಯ ಶತಮಾನದಲ್ಲಿ ದಾಸ ಸಾಹಿತ್ಯದ ಕೇಂದ್ರ ಕೃಷ್ಣೆ-ತುಂಗಭದ್ರೆಗಳ ನಡುವಣ ಈ ನೆಲಕ್ಕೆ ಬಂದಿತು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು. ಇವರ ದಿನಚರಿಗೂ ಒಂದು ಕಟ್ಟಳೆ ಇತ್ತು. ಗುರುವಿನಿಂದ ಅಂಕಿತ ಪಡೆದ ದಾಸನು ತಂಬೂರಿ, ಚಿಟಿಕೆ ಹಿಡಿದು, ಗೆಜ್ಜೆ ಕಟ್ಟಿ ಮನೆಮನೆಯ ಮುಂದೆ ಹಾಡುತ್ತಾನೆ. ಮಧುಕರ ವೃತ್ತಿಯಿಂದ ಬಂದದ್ದರಲ್ಲಿ ಬಾಳುತ್ತಾನೆ. ಪಂಡಿತ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದ ಕಥೆಯಲ್ಲಿ ವಿದ್ಯೆಯ ಬಿಗುಮಾನ ಕರಗುವುದು ಮುಖ್ಯ ಘಟ್ಟ. ವಿಜಯದಾಸರನ್ನು ಕಡೆಗಣಿಸಿದ ಆಚಾರ್ಯರು ಉದರಶೂಲೆಯಿಂದ ನರಳಿ, ಕೊನೆಗೆ ಗೋಪಾಲದಾಸರ ಮರೆಹೊಕ್ಕರೆಂದು ಸಂಪ್ರದಾಯ ಹೇಳುತ್ತದೆ. ಶಾಸ್ತ್ರದ ಭಾಷೆಯಿಂದ ಕನ್ನಡಕ್ಕೆ ಇಳಿಯುವುದನ್ನು ಸೋಲೆಂದಲ್ಲ, ದೀಕ್ಷೆಯೆಂದು ಆ ಕಥೆ ಬಗೆಯುತ್ತದೆ. ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಎರಡು ವರ್ಷಕ್ಕೆ ಮೋಗ್ಲಿಂಗ್ ಹುಟ್ಟಿದರು.

ಈ ಹೋಲಿಕೆ ಇಬ್ಬರ ಅಭಿಮಾನಿಗಳಿಗೂ ರುಚಿಸಲಿಕ್ಕಿಲ್ಲ. ಸಾಮ್ಯ ಮೇಲುನೋಟಕ್ಕೆ ಕಾಣುವುದೇ: ನಡಿಗೆ, ಬಯಲಿನ ಉಪದೇಶ, ದೇವರ ದಾಸನೆಂಬ ಭಾವ, ಪಾಪ, ಕೃಪೆಗಳ ಮಾತು. ವ್ಯತ್ಯಾಸವೇ ಹೆಚ್ಚು ಬೋಧಪ್ರದ. ದಾಸನು ಬೇಡುತ್ತಾನೆ, ಅವನ ಹಾಡಿಗೆ ಊರು ಅಕ್ಕಿ ಹಾಕುತ್ತದೆ, ಕೊಟ್ಟ ಕೈಗೂ ಹಾಡಿದ ಬಾಯಿಗೂ ಸಂಬಂಧ ಏರ್ಪಡುತ್ತದೆ. ಮಿಶನರಿ ಬೇಡುವುದಿಲ್ಲ. ಅವನ ಅನ್ನ ಬಾಸೆಲ್ಲಿನಿಂದ ಬರುತ್ತದೆ, ಅವನು ಊರಿಗೆ ಪುಸ್ತಕ ಕೊಡುತ್ತಾನೆ. ಜಂಗಮ, ದಾಸ, ಫಕೀರರನ್ನು ಕಂಡ ಹಳ್ಳಿಗೆ, ಭಿಕ್ಷೆ ಕೇಳದೆ ಧರ್ಮ ಹೇಳುವವನು ಅರ್ಥವಾಗದ ಮನುಷ್ಯ. ಸಂತೆಯಲ್ಲಿ ಅವನು ಎದುರಿಸಿದ ಅಪನಂಬಿಕೆಗೆ ಬೋಧನೆಯ ವಸ್ತುವಿನಷ್ಟೇ ಈ ಬೇಡದಿರುವಿಕೆಯೂ ಕಾರಣವಾಗಿರಬಹುದೆಂದು ತರ್ಕಿಸಲು ಅವಕಾಶವಿದೆ. ದಿಕ್ಕಿಲ್ಲದವನೆಂಬ ಅರ್ಥದಲ್ಲಿ ಪರದೇಶಿಯಾಗಿದ್ದರೆ ಊರು ಅವನನ್ನು ಸುಲಭವಾಗಿ ಒಳಗೊಳ್ಳುತ್ತಿತ್ತು. ಆ ಅರ್ಥ ಅವನಿಗೆ ತಾಗಿದ್ದು ಸಾವುಗಳಲ್ಲಿ ಮಾತ್ರ. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ 1855ರಲ್ಲಿ ತೀರಿಕೊಂಡರು. ಮುಂದೆ ಅವರ ವಿಧವೆ ಪೌಲೀನಳನ್ನು ಮೋಗ್ಲಿಂಗ್ ಮದುವೆಯಾದರು. ಕಿಟ್ಟೆಲ್ಲರ ಮೊದಲ ಹೆಂಡತಿ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, 1864ರಲ್ಲಿ, ಇಲ್ಲವಾದಳು. ಅವರು ಆಕೆಯ ತಂಗಿಯ ಕೈಹಿಡಿದರು.

ಬಾಸೆಲಿನವರು ನಿಜಾಮನ ಸೀಮೆಯಲ್ಲಿ ನೆಲೆ ಮಾಡಲಿಲ್ಲ. ಅವರ ಪೂರ್ವದ ಠಾಣ್ಯ ಗದಗಿನ ಬೆಟಗೇರಿ. ರಾಯಚೂರು ದೋಆಬು 1853ರಿಂದ 1860ರವರೆಗೆ ಕಂಪನಿಯ, ಬಳಿಕ ಬ್ರಿಟಿಷ್ ಸರಕಾರದ ಆಡಳಿತದಲ್ಲಿದ್ದಾಗಲೂ ಇದು ಬದಲಾಗಲಿಲ್ಲ. ಮುದಗಲ್ಲಿನಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಕಾಲದ ಕ್ಯಾಥೊಲಿಕ್ ಸಮುದಾಯವಿತ್ತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಅಮೆರಿಕದ ಮೆಥಡಿಸ್ಟರೂ ನಗರಕ್ಕೆ ಬಂದರು. ಅವರ ಕಥೆ ಬೇರೆ.

ಆದರೂ ದಾಸರ ಪದಗಳು ಗಡಿ ದಾಟಿದ್ದವು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರರ ಹಣದ ನೆರವಿನಿಂದ ಮೋಗ್ಲಿಂಗ್ ಹೊರಡಿಸಿದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ 'ದಾಸರ ಪದಗಳು' ಸೇರಿತು; ಅವರು ಕೂಡಿಸಿದ ನಾನೂರಕ್ಕೂ ಮಿಕ್ಕ ಪದಗಳಲ್ಲಿ 174 ಅಚ್ಚಾದವು. ಕಿಟ್ಟೆಲ್ 1873ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಕರ್ನಾಟಕದ ವೈಷ್ಣವ ದಾಸರನ್ನು ಕುರಿತು ಬರೆದರು. ಅವರ ಟೀಕೆ ಬಿಗಿಯಾದ ಮತನಿಷ್ಠೆಯದು. ಆದರೆ 1894ರ ನಿಘಂಟಿನಲ್ಲಿ ಅದೇ ಪದಗಳು ಅರ್ಥಕ್ಕೆ ಆಧಾರವಾಗಿ ಮತ್ತೆ ಮತ್ತೆ ನಿಲ್ಲುತ್ತವೆ, ಅವಕ್ಕೊಂದು ಸಂಕೇತಾಕ್ಷರವೂ ಇದೆ. ದಕ್ಷಿಣ ಮರಾಠಾ ಸೀಮೆಯಲ್ಲಿ ಬಳಕೆಯಲ್ಲಿದ್ದ ಮಾತಿಗೆ ಬೇರೊಂದು ಸಂಕೇತ. ಕಾಲುನಡಿಗೆಯ ಆ ವರ್ಷಗಳ ನೆನಪು ಈ ಎರಡನೆಯ ಸಂಕೇತದಲ್ಲಿ ಉಳಿದಿದೆ. ತಾವು ನಡೆಯದ ದೋಆಬಿನ ಮಾತಿಗೆ ಹೀಗೆ ಕಿವಿಗೊಡುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಅದು ಬಂದಿದ್ದರೆ ದಾಸರ ಪದಗಳ ದಾರಿಯಿಂದಲೇ ಬಂದಿರಬೇಕು. ಆ 174 ಪದಗಳನ್ನು ಅಂಕಿತಗಳ ಪ್ರಕಾರ ಬೇರ್ಪಡಿಸಿ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಅಂಕಿತದವುಗಳನ್ನು ನಿಘಂಟಿನ ಉಲ್ಲೇಖಗಳೊಂದಿಗೆ ಹೊಂದಿಸಿ ನೋಡಿದರೆ, ಮಾನ್ವಿ, ದೇವದುರ್ಗಗಳ ಯಾವ ಯಾವ ಮಾತು ಕಿಟ್ಟೆಲ್ಲರ ಪುಟಗಳನ್ನು ಸೇರಿದೆ ಎಂಬುದನ್ನು ಎಣಿಸಿ ಹೇಳಬಹುದು.