ಸಂಜೆಯಿಂದ ಲೆಕ್ಕ ಹಾಕು

ಮಗಳೇ,

ಹೊಸ ಕೆಲಸ ಸಿಕ್ಕಿದ್ದು ನಮಗೆಲ್ಲ ಸಂತೋಷ. ಬನಶಂಕರಿ ಎರಡನೇ ಹಂತದಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಇದ್ದ ನಾಲ್ಕು ಕಿ.ಮೀ. ದಾರಿ ಈಗ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬೆಳೆದು ಹೆಚ್ಚುಕಡಿಮೆ 16 ಕಿ.ಮೀ. ಆಗಿದೆ. ಸೈಕಲ್ ಇಟ್ಟುಕೊಳ್ಳಲೋ ಬಿಡಲೋ ದೊಡ್ಡಪ್ಪಾ ಎಂದು ಕೇಳಿದೆಯಲ್ಲ, ಬಿಡಬೇಡ ಕಣಮ್ಮ. ಆದರೆ ನಾಲ್ಕು ಕಿ.ಮೀ.ಗೆ ಮಾಡಿಕೊಂಡಿದ್ದ ಅಭ್ಯಾಸವನ್ನೇ ಹಿಗ್ಗಿಸಿ ಹದಿನಾರಕ್ಕೆ ತೊಡಿಸಲು ಹೋಗಬೇಡ. ಹಾಗೆ ಮಾಡಿದರೆ ಒಂದು ತಿಂಗಳೊಳಗೆ ಸೈಕಲ್ ಮಹಡಿ ಮೆಟ್ಟಿಲ ಕೆಳಗೆ ಸೇರುತ್ತದೆ.

ಸೈಕಲ್ ಬಿಟ್ಟ ಬಹಳ ಜನರನ್ನು ನಾನು ನೋಡಿದ್ದೇನೆ. ಅವರಲ್ಲಿ ಬೆಳಗಿನ ದಾರಿಗೆ ಬೇಸತ್ತು ಬಿಟ್ಟವರು ಯಾರೂ ನೆನಪಿಗೆ ಬರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಬೇಸಿಗೆಯಲ್ಲೂ ಬೆಳಗಿನ ಆರೂವರೆಗೆ ಇಲ್ಲಿ ತಂಪಿರುತ್ತದೆ, ರಸ್ತೆ ಖಾಲಿ ಇರುತ್ತದೆ, ನಿದ್ದೆ ಮಾಡಿದ ಕಾಲಿಗೆ ಕಸುವಿರುತ್ತದೆ. ಸೈಕಲ್ ಬಿಡಿಸುವುದು ಸಂಜೆ. ಏಳು ಗಂಟೆಗೆ ಹೊಟ್ಟೆ ಹಸಿದಿರುತ್ತದೆ, ಎದುರಿನ ಗಾಡಿಗಳ ದೀಪ ಕಣ್ಣಿಗೆ ಚುಚ್ಚುತ್ತದೆ, ಮಧ್ಯಾಹ್ನದ ಮೀಟಿಂಗು ಇನ್ನೂ ತಲೆಯಲ್ಲಿ ಓಡುತ್ತಿರುತ್ತದೆ, ಆನೇಕಲ್ ಕಡೆ ಮೋಡ ಕವಿದಿರುತ್ತದೆ. ಆದ್ದರಿಂದ ಸೈಕಲಿನ ವಿಚಾರದಲ್ಲಿ ನೀನು ಮಾಡುವ ಪ್ರತಿಯೊಂದು ತೀರ್ಮಾನವನ್ನೂ ಸಂಜೆಯಿಂದ ಶುರು ಮಾಡು. ಯಾವ ದಿನ ತುಳಿಯಬೇಕು, ಯಾವ ದಾರಿ, ಯಾವ ಟೈರು, ಚೀಲದಲ್ಲಿ ಏನಿರಬೇಕು, ಎಲ್ಲವನ್ನೂ ಮನೆಗೆ ಬರುವ ಹೊತ್ತನ್ನು ನೆನೆದು ನಿರ್ಧರಿಸು.

ಮೊದಲು ಹೊತ್ತಿನ ಲೆಕ್ಕ. ಸಿಗ್ನಲ್, ಉಬ್ಬು, ಗುಂಡಿ ಎಲ್ಲ ಸೇರಿ ಊರೊಳಗೆ ಗಂಟೆಗೆ 14 ಕಿ.ಮೀ. ಸಿಕ್ಕರೆ ಒಳ್ಳೆಯದೇ. ಅಂದರೆ ಒಂದು ಕಡೆಗೆ ಒಂದು ಗಂಟೆ ಹತ್ತು ನಿಮಿಷ, ಹೋಗಿಬರಲು ಎರಡು ಗಂಟೆ ಇಪ್ಪತ್ತು ನಿಮಿಷ. ವಾರಕ್ಕೆ ಐದು ದಿನ ಇದನ್ನು ಮಾಡುವ ಗಟ್ಟಿಗರಿದ್ದಾರೆ. ಹೊಸ ಕೆಲಸದ ಮೊದಲ ವರ್ಷ ನೀನು ಅದಕ್ಕೆ ಕೈ ಹಾಕುವುದು ಬೇಡ. ಹೊಸ ಜನ, ಹೊಸ ಜವಾಬ್ದಾರಿ, ಅದೇ ಸಾಕಷ್ಟು ದಣಿಸುತ್ತದೆ.

ನನಗೂ ಇಂಥದೇ ಪರಿಸ್ಥಿತಿ ಬಂದಿತ್ತು. ರಾಜಾಜಿನಗರದ ಕೈಗಾರಿಕಾ ವಸಾಹತಿನ ಸಣ್ಣ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದವನಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿನ ಈ ಕೊನೆಯಿಂದ ಆ ಕೊನೆಗೆ. ಮನೆಯಿಂದ ಕಾರ್ಖಾನೆ ಬಸ್ಸು ನಿಲ್ಲುವ ಜಾಗದವರೆಗೆ ಸೈಕಲ್, ಅಲ್ಲಿ ಸ್ಟ್ಯಾಂಡಿನಲ್ಲಿ ಬಿಟ್ಟು ಚೀಟಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಶಿಫ್ಟ್ ಹಗಲಿನದಾಗಿದ್ದು ಆಕಾಶ ತಿಳಿಯಾಗಿದ್ದ ದಿನ ಪೂರ್ತಿ ದಾರಿ ತುಳಿಯುತ್ತಿದ್ದೆ. ನಿವೃತ್ತಿಯವರೆಗೂ ಸೈಕಲ್ ನನ್ನ ಕೈಬಿಡದೆ ಉಳಿದದ್ದು ದಿನವೂ ತುಳಿದ ಆ ಚಿಕ್ಕ ತುಂಡು ದಾರಿಯಿಂದ.

ನಿನಗೆ ಆ ಬಸ್ಸಿನ ಜಾಗದಲ್ಲಿ ಮೆಟ್ರೋ ಇದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. 19 ಕಿ.ಮೀ., 16 ನಿಲ್ದಾಣ, ನಿನ್ನ ಎಲೆಕ್ಟ್ರಾನಿಕ್ ಸಿಟಿ ಅದರ ದಾರಿಯಲ್ಲೇ ಇದೆ. ಮನೆಯಿಂದ ಆರ್.ವಿ. ರಸ್ತೆ ನಿಲ್ದಾಣಕ್ಕೆ ಎರಡು ಕಿ.ಮೀ. ಅಷ್ಟನ್ನು ಮಾತ್ರ ದಿನವೂ ಸೈಕಲಿನಲ್ಲಿ ಹೋಗು. ಎಷ್ಟೇ ಸುಸ್ತಾದ ಸಂಜೆಯೂ ಎರಡು ಕಿ.ಮೀ. ಯಾರಿಗೂ ಭಾರವಲ್ಲ. ಇದಕ್ಕೆ ನಿಮ್ಮಪ್ಪನ ಹಳೆಯ ಸೈಕಲ್ ಸಾಕು. ನಿಲ್ದಾಣದ ಬಳಿ ದಿನವಿಡೀ ಬಿಸಿಲಲ್ಲಿ ನಿಲ್ಲುವ ಗಾಡಿ ಹಳೆಯದಾಗಿದ್ದರೇ ಮನಸ್ಸಿಗೆ ನೆಮ್ಮದಿ.

ಒಳ್ಳೆಯ ಸೈಕಲನ್ನು ವಾರಕ್ಕೊಮ್ಮೆಯ ಪೂರ್ತಿ ದಾರಿಗೆ ಇಟ್ಟುಕೋ. ಸೋಮವಾರ ಬೆಳಗ್ಗೆ ಅದರಲ್ಲಿ ಆಫೀಸಿಗೆ ಹೋಗಿ ಅಲ್ಲೇ ಬೀಗ ಹಾಕಿ ಬಿಡು, ಸಂಜೆ ಮೆಟ್ರೋದಲ್ಲಿ ಬಾ. ಮಂಗಳವಾರದಿಂದ ಶುಕ್ರವಾರದೊಳಗೆ ಮಳೆಯಿಲ್ಲದ, ಕೆಲಸ ಬೇಗ ಮುಗಿದ ಒಂದು ಸಂಜೆ ನೋಡಿ ಮನೆಗೆ ತುಳಿದುಕೊಂಡು ಬಾ. ಆ ಸಂಜೆಯನ್ನು ಆರಿಸುವ ಹಕ್ಕು ನಿನ್ನದು. ಬೆಳಗ್ಗೆ ಹೋದವಳು ಅದೇ ದಿನ ಹೇಗಾದರೂ ವಾಪಸ್ ತುಳಿಯಲೇಬೇಕು ಎನ್ನುವ ಕಟ್ಟು ಬಿಚ್ಚಿಕೊಂಡರೆ ಅರ್ಧ ಕಷ್ಟ ಕಳೆಯಿತು. ಮೂರು ನಾಲ್ಕು ತಿಂಗಳಲ್ಲಿ ಕಾಲು ಗಟ್ಟಿಯಾಗಿ, ಆಫೀಸಿನ ರೀತಿಯೂ ತಿಳಿದ ಮೇಲೆ ವಾರಕ್ಕೆ ಎರಡು ಸಲ ಮಾಡು. ಮಡಚುವ ಸೈಕಲ್ಲನ್ನು ಮೆಟ್ರೋದೊಳಗೇ ಒಯ್ಯಲು ಬಿಡುತ್ತಾರೆ ನಿಜ, ಆದರೆ ಅದರ ಚಿಕ್ಕ ಗಾಲಿಗಳು ನಮ್ಮ ಗುಂಡಿಗಳಿಗೆ ಹೇಳಿ ಮಾಡಿಸಿದವಲ್ಲ. ಅದಕ್ಕೆ ಈಗಲೇ ದುಡ್ಡು ಹಾಕಬೇಡ.

ಇನ್ನು ದಾರಿ. ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರೋಡ್ ಮೇಲೆ ಹೋಗುವುದು ಹೊಸೂರು ರಸ್ತೆ, ನೇರ ದಾರಿ. 2010ರಲ್ಲಿ ತೆರೆದ ಮೇಲುರಸ್ತೆಯ ತಂಟೆಗೆ ಹೋಗದೆ ಕೆಳಗಿನ ಸರ್ವೀಸ್ ರಸ್ತೆಯಲ್ಲೇ ಇರು. ಇನ್ನೊಂದು ಬನ್ನೇರುಘಟ್ಟ ರಸ್ತೆ ದಾಟಿ ಹುಳಿಮಾವು, ಬೇಗೂರು ಹಾದುಹೋಗುವ ಒಳದಾರಿ. ಒಂದೆರಡು ಕಿ.ಮೀ. ಜಾಸ್ತಿಯಾದರೂ ಬೆಳಗ್ಗೆ ನಾನು ನಿನಗೆ ಹೇಳುವುದು ಇದನ್ನೇ. ಬೇಗೂರಿನ ಕೆರೆ ಸಿಗುತ್ತದೆ, ನಾಗೇಶ್ವರ ದೇವಸ್ಥಾನ ಸಿಗುತ್ತದೆ. ‘ಬೆಂಗಳೂರು’ ಎಂಬ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನ ಇರುವುದು ಅಲ್ಲೇ. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಮೆಟ್ರೋದಲ್ಲೋ ಕ್ಯಾಬಿನಲ್ಲೋ ಹೋಗುವವರ ದಾರಿಗೆ ಅದು ಬೀಳುವುದೇ ಇಲ್ಲ. ಒಂದು ಸೋಮವಾರ ಹತ್ತು ನಿಮಿಷ ಮೊದಲೇ ಹೊರಟು ಇಳಿದು ನೋಡು.

ಆದರೆ ಸಂಜೆ ಅದೇ ದಾರಿಯಲ್ಲಿ ಬರಬೇಡ. ಬೆಳಗ್ಗೆ ಸೊಗಸಾಗಿ ಕಾಣುವ ಬೇಗೂರು ರಸ್ತೆ ಇಕ್ಕಟ್ಟಿನದು, ಕತ್ತಲಾದ ಮೇಲೆ ನೀರಿನ ಟ್ಯಾಂಕರುಗಳೂ ಟಿಪ್ಪರುಗಳೂ ಅಲ್ಲಿ ಮೈಗೆ ತಾಗುವಂತೆ ಹಾದುಹೋಗುತ್ತವೆ. ವಾಪಸ್ ಬರುವಾಗ ಹೊಸೂರು ರಸ್ತೆಯ ಸರ್ವೀಸ್ ರಸ್ತೆಯೇ ಇರಲಿ. ಗಲಾಟೆ, ಹೊಗೆ, ಎಲ್ಲ ಒಪ್ಪಿದೆ. ಆದರೂ ಅಲ್ಲಿ ಬೆಳಕಿದೆ, ಅಂಗಡಿಗಳು ತೆರೆದಿರುತ್ತವೆ, ನಿಲ್ಲಬೇಕೆನಿಸಿದರೆ ನಾಲ್ಕು ಜನರ ನಡುವೆ ನಿಲ್ಲಬಹುದು, ಸಾಕೆನಿಸಿದರೆ ತಲೆಯ ಮೇಲೆಯೇ ಮೆಟ್ರೋ ನಿಲ್ದಾಣ. ಹೋಗುವ ದಾರಿಯೇ ಬರುವ ದಾರಿ ಆಗಬೇಕೆಂಬ ನಿಯಮವೇನೂ ಇಲ್ಲ. ದಾರಿ ಪರೀಕ್ಷಿಸಲು ಭಾನುವಾರ ಬೆಳಗ್ಗೆ ಹೋಗುತ್ತೇನೆ ಎಂದೆಯಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬುಧವಾರವೋ ಗುರುವಾರವೋ ಸಂಜೆ ಏಳಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಆ ರಸ್ತೆಯನ್ನು ನೋಡು. ಎಲ್ಲಿ ದೀಪವಿಲ್ಲ, ಎಲ್ಲಿ ಬಸ್ಸುಗಳು ಎಡಕ್ಕೆ ನುಗ್ಗುತ್ತವೆ, ಎಲ್ಲಿ ಚರಂಡಿ ಬಾಯ್ತೆರೆದಿದೆ, ಗುರುತು ಮಾಡಿಕೋ.

ಬಸ್ಸಿನ ಮಾತು ಬಂತು. ತಂಗುದಾಣದ ಹತ್ತಿರ ನಿಧಾನವಾಗುತ್ತಿರುವ ಬಸ್ಸಿನ ಎಡಕ್ಕೆ ಎಂದೂ ತೂರಬೇಡ. ಡ್ರೈವರಿಗೆ ನೀನು ಕಾಣುವುದಿಲ್ಲ, ಇಳಿಯುವವರು ನಿನ್ನ ಮೇಲೇ ಇಳಿಯುತ್ತಾರೆ. ಹಿಂದೆ ನಿಲ್ಲು, ಅದು ಹೊರಡಲಿ. ನಿಂತ ಕಾರುಗಳ ಪಕ್ಕ ಹೋಗುವಾಗ ಬಾಗಿಲು ತೆರೆದುಕೊಳ್ಳುವಷ್ಟು ಜಾಗ ಬಿಟ್ಟು ಹೋಗು. ಮಳೆ ಬಂದಾಗ ರಸ್ತೆಯ ಬಿಳಿ ಪಟ್ಟಿಯೂ ಚರಂಡಿಯ ಕಬ್ಬಿಣದ ಜಾಲರಿಯೂ ಜಾರುತ್ತವೆ, ಅವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡ, ಬ್ರೇಕ್ ಒತ್ತಬೇಡ. ತಳ ಕಾಣದ ನೀರಿಗೆ ಗಾಲಿ ಇಳಿಸಬೇಡ. ಬೀದಿನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸುವ ಬದಲು ಇಳಿದು ನಿಂತು ಸೈಕಲನ್ನು ನಿನಗೂ ನಾಯಿಗೂ ನಡುವೆ ಹಿಡಿದುಕೋ. ಓಟ ನಿಂತರೆ ಹೆಚ್ಚಿನ ನಾಯಿಗಳ ಹುಮ್ಮಸ್ಸೂ ಇಳಿಯುತ್ತದೆ. ಹೊರಡುವಾಗ ಅಮ್ಮನಿಗೆ ಫೋನಿನಿಂದ ಲೊಕೇಶನ್ ಕಳಿಸು. ಕಾಯುತ್ತ ಕೂತವಳಿಗೆ ಅದರಿಂದ ಎಷ್ಟು ಸಮಾಧಾನ ಎನ್ನುವುದು ನಿನ್ನ ವಯಸ್ಸಿಗೆ ತಿಳಿಯುವುದಿಲ್ಲ.

ದೀಪದ ವಿಷಯದಲ್ಲಿ ಜುಗ್ಗತನ ಬೇಡ. ನಮ್ಮ ಕಾಲದಲ್ಲಿ ಸಂಜೆ ದೀಪವಿಲ್ಲದ ಸೈಕಲನ್ನು ಪೊಲೀಸರು ನಿಲ್ಲಿಸುತ್ತಿದ್ದರು, ದಂಡ ಹಾಕುತ್ತಿದ್ದರು. ಡೈನಮೋ ಕೆಟ್ಟರೆ ಇಳಿದು ತಳ್ಳಿಕೊಂಡು ಬರುತ್ತಿದ್ದೆವು. ಈಗ ಹಿಡಿಯುವವರಿಲ್ಲ, ಆದರೆ ಗಾಡಿಗಳು ಎಷ್ಟೋ ಪಟ್ಟು ಹೆಚ್ಚಿವೆ. ನವೆಂಬರಿನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಜೂನಿನ ಕೊನೆಯಲ್ಲೂ ಏಳಕ್ಕೆ ಮೊದಲೇ. ಅಂದರೆ ವರ್ಷದ ಬಹುತೇಕ ಸಂಜೆ ನಿನ್ನ ದಾರಿ ಕತ್ತಲಲ್ಲೇ. ಮುಂದೆ ಬಿಳಿ, ಹಿಂದೆ ಕೆಂಪು, ಎರಡೂ ಚಾರ್ಜ್ ಆಗಿರಲಿ, ಹಿಂದಿನದಕ್ಕೆ ಜೋಡಿ ಒಂದು ಚೀಲದಲ್ಲಿರಲಿ. ಹೆಲ್ಮೆಟ್ ಬಗ್ಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಸೈಕಲ್ಲಿಗೆ ರೇಸಿನ ಸಣಕಲು ಟೈರು ಬೇಡ. 35 ಮಿ.ಮೀ. ಅಥವಾ ಅದಕ್ಕಿಂತ ಅಗಲದ್ದು ಹಾಕಿಸು, ಗುಂಡಿಯ ಏಟನ್ನು ಅದೇ ನುಂಗುತ್ತದೆ. ಎಷ್ಟು ಗಾಳಿ ಬೇಕು ಎನ್ನುವುದು ಟೈರಿನ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ, ಭಾನುವಾರ ಒಮ್ಮೆ ನೋಡಿ ಹೊಡೆದಿಡು. ಎರಡೂ ಗಾಲಿಗೆ ಮಡ್‌ಗಾರ್ಡ್ ಇರಲೇಬೇಕು. ಬೆನ್ನಿಗೆ ಚೀಲ ಹೊತ್ತು ಒಂದು ಗಂಟೆ ತುಳಿದರೆ ಬೆನ್ನು ನೆನೆಯುತ್ತದೆ, ಹೆಗಲು ನೋಯುತ್ತದೆ, ಅದರ ಬದಲು ಕ್ಯಾರಿಯರಿಗೆ ಪಕ್ಕದ ಚೀಲ ನೇತುಹಾಕು. ಮರದಡಿಯ ಪಂಕ್ಚರ್ ಅಂಗಡಿಗಳು ಈಗ ಸ್ಕೂಟರ್, ಕಾರುಗಳ ಪಾಲಾಗಿವೆ. ಆದ್ದರಿಂದ ಒಂದು ಟ್ಯೂಬು, ಟೈರ್ ಬಿಚ್ಚುವ ಕಡ್ಡಿ, ಚಿಕ್ಕ ಪಂಪು ನಿನ್ನ ಹತ್ತಿರವೇ ಇರಲಿ. ಹಿಂದಿನ ಗಾಲಿ ಬಿಚ್ಚಿ ಟ್ಯೂಬ್ ಬದಲಾಯಿಸುವುದನ್ನು ಮನೆಯಂಗಳದಲ್ಲಿ, ಹಗಲಲ್ಲಿ, ಕೈ ಕಪ್ಪಾದರೂ ಬೇಸರಿಸದೆ ಕಲಿ. ನಾನೇ ಕಲಿಸುತ್ತೇನೆ.

ಸೀಟಿನ ಎತ್ತರ ನೋಡಿಕೊ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೀಳವಾಗಬೇಕು. ನಾಲ್ಕು ಕಿ.ಮೀ.ನಲ್ಲಿ ಗೊತ್ತಾಗದ ಸಣ್ಣ ತಪ್ಪು ಹದಿನಾರರಲ್ಲಿ ಮಂಡಿ ಹಿಡಿಯುತ್ತದೆ. ಭಾರದ ಗೇರಿನಲ್ಲಿ ಒತ್ತಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಸರಸರ ತುಳಿಯುವುದು ಮಂಡಿಗೆ ಹಿತ. ಸಂಜೆ ಹೊರಡುವ ಅರ್ಧ ಗಂಟೆ ಮೊದಲು ಬಾಳೆಹಣ್ಣೋ ಕಡಲೆಕಾಯಿ ಚಿಕ್ಕಿಯೋ ತಿನ್ನು. ಬರೀ ಕಾಫಿ ಕುಡಿದು ಹೊರಟರೆ ಬೊಮ್ಮನಹಳ್ಳಿ ಬರುವ ಹೊತ್ತಿಗೆ ಸಿಟ್ಟು ಬರಲು ಶುರುವಾಗುತ್ತದೆ. ಅದು ಹಸಿವಿನ ಸಿಟ್ಟು, ನೀನು ಅದನ್ನು ಸೈಕಲ್ಲಿನ ಮೇಲೆ ಹಾಕುತ್ತೀಯೆ.

ಆಫೀಸಿನಲ್ಲಿ ಕೇಳಬೇಕಾದ್ದನ್ನು ಮೊದಲ ತಿಂಗಳೇ ಕೇಳು. ರಾತ್ರಿ ಬಿಟ್ಟುಹೋಗಲು ಕ್ಯಾಮೆರಾ ಕಣ್ಣಿಗೆ ಬೀಳುವ, ಮಳೆ ತಾಗದ ಜಾಗ. ಒಂದು ಲಾಕರು. ಸ್ನಾನದ ಮನೆ ಇದ್ದರೆ ಅದರ ಬೀಗದ ಕೈ ಯಾರ ಹತ್ತಿರ ಎಂಬ ಮಾಹಿತಿ. ಹೊಸಬಳು ಎಂದು ಸಂಕೋಚಪಡಬೇಡ. ಕಾರು ತರುವವರಿಗೆ ಅಷ್ಟು ದೊಡ್ಡ ಜಾಗ ಕೊಡುವವರು ಸೈಕಲ್ಲಿಗೆ ಒಂದು ಕಂಬ ಕೊಡುವುದರಲ್ಲಿ ಉಪಕಾರವೇನೂ ಇಲ್ಲ.

ಸೈಕಲ್ಲಿಗೆ ಜಾಗ ಕೇಳು ಎಂದು ಹೇಳುವಾಗ ನನಗೆ ಸಂಕಟವೂ ಆಗುತ್ತದೆ. 2012ರಲ್ಲಿ ಜಯನಗರದ ರಸ್ತೆಗಳಲ್ಲಿ ಸೈಕಲ್ ಪಥ ಮಾಡಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನೋಡನೋಡುತ್ತ ಅದರ ಮೇಲೆ ಕಾರು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಬೇರೆ ಪಟ್ಟಿ ಮಾಡಿದರು, ಮೆಟ್ರೋ ಕಾಮಗಾರಿಯ ನಡುವೆ ಅದೂ ಉಳಿಯಲಿಲ್ಲ. ಊರು ಸೈಕಲ್ಲಿಗೆ ಜಾಗ ಕೊಟ್ಟೂ ಕಿತ್ತುಕೊಂಡಿದೆ. ಇದು ಅನ್ಯಾಯ. ನಿನ್ನ ಓರಗೆಯವರು ನಾಲ್ಕು ಜನ ಸೇರಿ ಇದನ್ನು ಕೇಳಬೇಕು, ಕೇಳುವವರ ಜೊತೆ ನಿಲ್ಲಬೇಕು. ಆದರೆ ಪಥ ಬರಲಿ, ಆಮೇಲೆ ತುಳಿಯುತ್ತೇನೆ ಎಂದು ಕೂರಬೇಡ.

ತುಳಿಯದ ದಿನಗಳ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡ. ಈ ಊರಿಗೆ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಅದೂ ಹೆಚ್ಚಾಗಿ ಸಂಜೆ, ರಾತ್ರಿ. ಅಂಥ ವಾರ ಪೂರ್ತಿ ದಾರಿ ಬಿಟ್ಟುಬಿಡು, ನಿಲ್ದಾಣದವರೆಗಿನ ಎರಡು ಕಿ.ಮೀ. ಮಾತ್ರ ಬಿಡಬೇಡ. ಮರುದಿನ ತುಳಿಯಬೇಕೋ ಬೇಡವೋ ಎನ್ನುವುದನ್ನು ಹಿಂದಿನ ರಾತ್ರಿ ನಿರ್ಧರಿಸಿ ಚೀಲ ಕಟ್ಟಿಡು. ಬೆಳಗ್ಗೆ ಎದ್ದು ಯೋಚಿಸಲು ಕೂತರೆ ಹಾಸಿಗೆಯೇ ಗೆಲ್ಲುತ್ತದೆ.

ನಿಮ್ಮಪ್ಪ ಸ್ಕೂಟರ್ ಬುಕ್ ಮಾಡುತ್ತೇನೆ ಎನ್ನುತ್ತಿದ್ದಾನೆ. ಮಗಳ ಮೇಲಿನ ಅಕ್ಕರೆ, ಅವನನ್ನು ಬೈಯಬೇಡ. ನಾನು ಮಾತಾಡುತ್ತೇನೆ. ಸಂಕ್ರಾಂತಿಯವರೆಗೆ ತಡೆಯಲಿ. ಅಷ್ಟರಲ್ಲಿ ಮಳೆಗಾಲದ ಸಂಜೆಯೂ ಚಳಿಗಾಲದ ಸಂಜೆಯೂ ಹೇಗಿರುತ್ತವೆ ಎಂದು ನಿನಗೇ ಗೊತ್ತಾಗಿರುತ್ತದೆ. ಆಗಲೂ ವಾಪಸಿನ ದಾರಿ ಭಾರ ಎನಿಸಿದರೆ ಆ ದುಡ್ಡಿನ ಒಂದು ಪಾಲಿನಲ್ಲಿ ಬ್ಯಾಟರಿ ಸೈಕಲ್ ಕೊಳ್ಳೋಣ. ಮೋಟರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಬೆಳಗ್ಗೆ ಕಾಲಿನಿಂದ ತುಳಿ, ಸಂಜೆ ಮೋಟರಿನ ಸಹಾಯ ತಗೋ. ಅದರಲ್ಲಿ ಯಾವ ಕೀಳೂ ಇಲ್ಲ. ಈ ಭಾನುವಾರ ಬೆಳಗ್ಗೆ ಸೈಕಲ್ ತಗೊಂಡು ಮನೆಗೆ ಬಾ, ಹಿಂದಿನ ಗಾಲಿಯಿಂದ ಶುರು ಮಾಡೋಣ.