ನೆನೆದ ಪುಸ್ತಕಕ್ಕೆ, ಉಬ್ಬಿದ ಕಪಾಟಿಗೆ ಹೊಣೆ ಯಾರು?

ಬೆಂಗಳೂರಿನಿಂದ ಮಂಗಳೂರಿಗೆ ಕಳಿಸಿದ ಪುಸ್ತಕದ ಪೆಟ್ಟಿಗೆಯೋ ಮರದ ಕಪಾಟೋ ಶಿರಾಡಿ ಘಾಟಿಯ ಮಳೆಗೆ ನೆನೆದು ಹಾಳಾದರೆ ಟ್ರಾನ್ಸ್‌ಪೋರ್ಟ್ ಕಚೇರಿಯವರು ಎರಡು ಮಾತು ಮುಂದಿಡುತ್ತಾರೆ: ಮಳೆ ದೇವರದ್ದು, ರಸೀದಿಯಲ್ಲಿ ‘ಓನರ್ಸ್ ರಿಸ್ಕ್’ ಎಂದಿದೆ. ಎರಡೂ ಟೊಳ್ಳು. 2007ರ ರಸ್ತೆ ಸಾಗಣೆ ಕಾಯ್ದೆಯ 17ನೇ ಕಲಮಿನಂತೆ ದಾರಿಯಲ್ಲಾದ ಹಾನಿಗೆ ಸಾಗಣೆದಾರನೇ ಹೊಣೆ. ದೈವಿಕ ವಿಕೋಪ, ಯುದ್ಧ, ಗಲಭೆ ಮುಂತಾದವಕ್ಕೆ ವಿನಾಯಿತಿ ಇದೆಯಾದರೂ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಅದು ಸಲ್ಲದು. ಗುಡ್ಡ ಕುಸಿದು ಲಾರಿಯೇ ಹೂತುಹೋದರೆ ಮಾತು ಬೇರೆ. ಜುಲೈ ತಿಂಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಮಳೆ ಬಂತೆಂಬುದನ್ನು ವಿಕೋಪ ಎನ್ನಲಾದೀತೆ? ಹರಿದ ಟಾರ್ಪಾಲು ಮನುಷ್ಯರ ಲೋಪ, ಅದನ್ನು ಸಾಬೀತು ಮಾಡುವ ಭಾರವೂ ದಾವೆ ಹೂಡಿದವರ ಮೇಲಿಲ್ಲ (12ನೇ ಕಲಂ). ‘ಓನರ್ಸ್ ರಿಸ್ಕ್’ ಎಂಬ ಷರತ್ತು ನಿರ್ಲಕ್ಷ್ಯದ ಹೊಣೆಯಿಂದ ಪಾರುಮಾಡದು ಎಂದು ಹಳೆಯ ಕಾಯ್ದೆಯಡಿಯೇ, 2000ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾದರೆ ಗ್ರಾಹಕರು ಸೋಲುವುದೆಲ್ಲಿ? ಬುಕಿಂಗ್ ಹೊತ್ತಿನಲ್ಲೇ. ಹೆಚ್ಚಿನ ಅಪಾಯದ ದರ ಕೊಡಲು ಸ್ಪಷ್ಟವಾಗಿ ಒಪ್ಪದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟು ಮೀರುವಂತಿಲ್ಲ, ಘೋಷಿಸಿದ ಮೌಲ್ಯವನ್ನೂ ದಾಟುವಂತಿಲ್ಲ. 40,000 ರೂಪಾಯಿಯ ಪುಸ್ತಕಗಳಿಗೆ 800 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಗರಿಷ್ಠ 8,000! ಮನೆ ಸಾಮಾನು ಸಾಗಿಸುವವರಿಗೆ ಈ ನಿಯಮ ಅನ್ಯಾಯವೆಂದೇ ನನ್ನ ಅನಿಸಿಕೆ. ಆದರೂ ಬದಲಾಗುವವರೆಗೆ ಅದೇ ಕಾನೂನು. ನಾಲ್ಕು ಕಾಸು ಉಳಿಸಲು ‘ಹಳೆ ಸಾಮಾನು’ ಎಂದು ಬರೆಸುವುದು ಪರಿಹಾರವನ್ನು ನಾವೇ ಬಿಟ್ಟುಕೊಟ್ಟಂತೆ.

ಪ್ಯಾಕಿಂಗ್ ಸರಿಯಿರಲಿಲ್ಲ, ಮರ ಮೊದಲೇ ಹಸಿಯಾಗಿತ್ತು ಎಂಬ ಆಕ್ಷೇಪವನ್ನು ಹಾಗೇ ತಳ್ಳಿಹಾಕಲಾಗದು. ಮರವಾಗಲಿ ಕಾಗದವಾಗಲಿ ಗಾಳಿಯ ತೇವವನ್ನೂ ಹೀರುತ್ತದೆ, ಲಾರಿ ಸೋರದೆಯೂ ಬೂಷ್ಟು ಹಿಡಿದೀತು. ಪ್ಲಾಸ್ಟಿಕ್ ಹೊದಿಕೆ ಸುತ್ತಿದ ಮೇಲೆ ತೆಗೆದ ಫೋಟೊಗಳೇ ಇದಕ್ಕೆ ಉತ್ತರ. ಸಾಮಾನು ಬಂದಾಗ ಪೆಟ್ಟಿಗೆ ಒದ್ದೆಯಿದ್ದರೆ ಡೆಲಿವರಿ ಕಾಗದದಲ್ಲಿ ಅದನ್ನು ಬರೆದೇ ಸಹಿ ಹಾಕಬೇಕು. ಆಮೇಲೆ ಲಿಖಿತ ನೋಟಿಸು: ಗಡುವು 180 ದಿನ, ಎಣಿಕೆ ಸಾಮಾನು ಕೈಸೇರಿದ ದಿನದಿಂದಲ್ಲ, ಬುಕಿಂಗ್ ದಿನದಿಂದ. ಫೋನಿನಲ್ಲಿ ಜಗಳವಾಡಿದ್ದು ನೋಟಿಸಾಗದು. ಅದಿಲ್ಲದೆ ಸಿವಿಲ್ ದಾವೆಯೂ ಇಲ್ಲ, ಗ್ರಾಹಕರ ಆಯೋಗದ ದೂರೂ ನಿಲ್ಲದು.

ವ್ಯಾಪಾರಕ್ಕೆ ಕಳಿಸಿದ ಸರಕಿಗೆ ಆಯೋಗದ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಜೀವನೋಪಾಯಕ್ಕಾಗಿಯೇ ಸ್ವಂತ ದುಡಿಮೆ ಮಾಡುವ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯಂಥವರು ಮಾತ್ರ ಗ್ರಾಹಕರೆಂದು ವಾದಿಸಬಹುದು. ದೂರನ್ನು ತಾವು ವಾಸಿಸುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ಕೊಡಬಹುದು; ತೆತ್ತ ಬಾಡಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.